ಎರಡು ಸ್ಪೀಕರುಗಳ ನಡುವೆ

ಸ್ನೇಹಿತರೇ, ಇವತ್ತು ಅಳದಂಗಡಿಯ ಒಂದು ಮನೆಗೆ, ಅವರ ಅಳಿಯ ದುಬೈಯಿಂದ ತಂದ ಸ್ಟೀರಿಯೋ ಜೋಡಿಸಲು ಹೋಗಿದ್ದೆ. "ಎರಡೂ ಸ್ಪೀಕರ್ ಚಾವಡಿಯಲ್ಲೇ ಇಡುವ" ಎಂದೆ. ಯಜಮಾನರು ಒಪ್ಪಲಿಲ್ಲ.

"ಒಂದು ಅಡುಗೆಮನೆಯಲ್ಲಿ ಇರಲಿ ಮಾರಾಯ. ಹೆಂಗಸರಿಗೂ ಕೇಳ್ಬೇಕಲ್ಲ!"

ಸರಿ, ಉದ್ದದ ವಯರು ಎಳೆದು ಹಾಗೆಯೇ ಮಾಡಿ ಕ್ಯಾಸೆಟ್ ಹಾಕಿದೆ. ಸ್ಟೀರಿಯೋ ಅಲ್ಲವೇ, ಒಂದೊಂದು ಸ್ಪೀಕರಿಗೆ ಒಂದೊಂದು ಪಾಲು: ಚಾವಡಿಯಲ್ಲಿ ಬರೀ ತಬಲಾ, ಹಾಡೆಲ್ಲ ಅಡುಗೆಮನೆಯಲ್ಲಿ.

"ಇದೆಂಥದು, ಹಾಡುವವರೇ ಇಲ್ಲ!" ಯಜಮಾನರು ನನ್ನ ಮೇಲೆ ರೇಗಿದರು.

ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ನನಗೆ ಎರಡೂ ಚಂದ ಕೇಳ್ತದೆ" ಎಂದರು.

ಕೇಳದೆ ಏನು? ಸ್ಟೀರಿಯೋ ಕೇಳಲು ಸರಿಯಾದ ಜಾಗ ಎರಡು ಸ್ಪೀಕರುಗಳ ನಡುವೆ. ಆ ಮನೆಯಲ್ಲಿ ಅಲ್ಲಿರುವುದು ಹೊಸಿಲು. ಇಷ್ಟು ವರ್ಷ ಆ ಅಮ್ಮ ನಿಂತದ್ದೂ ಅಲ್ಲೇ. ಅಲ್ಲಿಗೊಂದು ಕುರ್ಚಿ ಮಾತ್ರ ಯಾರೂ ತಂದಿಟ್ಟಿಲ್ಲ.