ಮುತ್ಯಾನ ಸಿಟ್ಟು

ಕುಂದಗೋಳದಲ್ಲಿ ನಮ್ಮ ಬಾಜು ಮನೆಯಲ್ಲಿದ್ದ ಆಯಿ, ಯಾರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಕರೆಯುವ ಮೊದಲೇ ಹಾಜರು. ಕೂಸಿನ ಗದ್ದ ಹಿಡಿದು, ಅದರ ಬುದ್ಧಿ, ಸಿಟ್ಟು, ಮೊಂಡುತನ ಯಾರಿಂದ ಬಂದದ್ದೆಂದು ಹೇಳದೆ ಅವಳು ಗುಗ್ಗರಿ ಮುಟ್ಟುತ್ತಿರಲಿಲ್ಲ. ಕೊನೆಯ ಮಾತು ಖಾಯಂ: "ರಕ್ತ ಎಲ್ಲಿ ಹೋಗತೈತ್ರಿ?"

ಎಂಬತ್ತರ ದಶಕದಲ್ಲೊಮ್ಮೆ ಎದುರು ಮನೆಯ ಗಂಡಹೆಂಡತಿ ದತ್ತಕ ಮಗುವನ್ನು ತಂದು ತೊಟ್ಟಿಲಿಗೆ ಹಾಕಿದರು. "ಯಾರ ಬೀಜನೋ ಏನೋ" ಎಂದು ಆ ಮನೆಯ ಮುತ್ಯಾ, ಗಂಡನ ಅಪ್ಪ, ಮುಖ ತಿರುಗಿಸಿ ಕಟ್ಟೆಯ ಮೇಲೆ ಕೂತಿದ್ದ. ಕೂಸನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ವರ್ಷವಿಡೀ ಮಗಳ ಊರಿನಲ್ಲಿದ್ದು ಅಂದೇ ಬಂದಿದ್ದ ಆಯಿಗೆ ಇದೊಂದೂ ಗೊತ್ತಿಲ್ಲ. ಹೆಸರಿಡುವಾಗ ಕೂಸು ಹುಬ್ಬು ಗಂಟಿಕ್ಕಿ ಕಿರುಚಿತು. ಆಯಿ ಗದ್ದ ಹಿಡಿದು, "ಅಗದಿ ಮುತ್ಯಾನ ಸಿಟ್ಟು ನೋಡ್ರಿ. ರಕ್ತ ಎಲ್ಲಿ ಹೋಗತೈತ್ರಿ?" ಎಂದಳು.

ತಾಯಿ ತಲೆ ತಗ್ಗಿಸಿದಳು. ಮುತ್ಯಾ ಎದ್ದು ಒಳಗೆ ಬಂದು ತೊಟ್ಟಿಲಿಗೆ ಬಗ್ಗಿದ. "ಹೌದೇನಬೇ? ನನ್ನಂಗ ಕಾಣತಾನ?" ಎನ್ನುತ್ತ ಕೂಸನ್ನು ಎತ್ತಿಕೊಂಡ.

ನಿಜ ತಿಳಿದ ಮೇಲೆ ಆಯಿ ಕೆಲದಿನ ಆ ಮನೆಯತ್ತ ಸುಳಿಯಲಿಲ್ಲ. ಆದರೆ ಹುಡುಗ ಮುತ್ಯಾನ ಮಗ್ಗುಲಲ್ಲೇ ಉಂಡು ಬೆಳೆದ. ಸಾರು ಆರಿದ್ದರೆ ಅವನಂತೆಯೇ ಹುಬ್ಬು ಗಂಟಿಕ್ಕಿ ತಾಟು ತಳ್ಳುತ್ತಿದ್ದ. ತಾಯಿ ದೂರು ಹೇಳಲು ಬಂದರೆ, ಆಯಿ ಎಲೆಗೆ ಸುಣ್ಣ ಸವರುತ್ತ, "ಅವತ್ತ ತೊಟ್ಟಲದಾಗ ನೋಡಿನ ಹೇಳಿದ್ನಲ್ಲವಾ" ಎನ್ನುತ್ತಿದ್ದಳು.