ಊರೆಲ್ಲ ಹೆಪ್ಪು ಹಾಕಿದ ಸಂಜೆ

ಅವನ ಬಲಗೈಯ ಬೆರಳ ತುದಿಗಳು ವರ್ಷವಿಡೀ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಶೀಳನೆರೆ ಹೋಬಳಿಯ ನಮ್ಮೂರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವನು ಅವನು. ದಿನಕ್ಕೆ ಎರಡು ಹೊತ್ತು, ಊರಿನ ಹಾಲೆಲ್ಲ ಆ ಕೈ ದಾಟಿಯೇ ಕ್ಯಾನಿಗೆ ಬೀಳುತ್ತಿತ್ತು. ನನಗೆ ಒಂದನೇ ಕ್ಲಾಸಿನಿಂದ ಗೆಳೆಯ. ನಾನು ನಾಗಮಂಗಲದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಅಲ್ಲೇ ಮನೆ ಮಾಡಿದೆ. ಅವನು ಊರಲ್ಲೇ ಉಳಿದ.

ಸಾಲಿನಲ್ಲಿ ನಿಂತವರು ಪಾತ್ರೆ ಇಳಿಸುವ ಮೊದಲೇ "ನೀರಾಕಿಲ್ಲ ಕಣಪ್ಪ" ಅನ್ನುತ್ತಿದ್ದರು. ಅವನು ತಲೆ ಎತ್ತದೆ "ನಾ ಕೇಳ್ಲೇ ಇಲ್ವಲ್ಲ" ಎಂದು ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಡುತ್ತಿದ್ದ. ಆ ಗಾಜಿನ ಕಡ್ಡಿ ತೇಲಿ ನಿಂತ ಮೇಲೆ ಯಾರ ಮಾತೂ ನಡೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನ ಅವ್ವನೇ ತಂದ ಹಾಲು ತೆಳ್ಳಗಿತ್ತು. ತಂಬಿಗೆ ತೊಳೆದ ನೀರು ತಳದಲ್ಲಿ ಉಳಿದಿದ್ದಿರಬೇಕು. ಅವನು ಅಷ್ಟು ಜನರ ಮುಂದೆ ಹಾಲನ್ನು ಅವಳ ಕೈಗೇ ವಾಪಸು ಕೊಟ್ಟ. ಅವ್ವ ಎಂಟು ದಿನ ಮಾತು ಬಿಟ್ಟಳು. ಮುದ್ದೆ ಮಾತ್ರ ಹೊತ್ತುಹೊತ್ತಿಗೆ ಹಾಕಿದಳು.

ಎರಡು ಹಾಲಿನ ನಡುವಿನ ಹೊತ್ತು ಮಾತ್ರ ಅವನದು. ಆ ಹೊತ್ತಿನಲ್ಲಿ ನಾವು ವರ್ಷಕ್ಕೊಮ್ಮೆ, ಆಯುಧಪೂಜೆ ಕಳೆದ ಭಾನುವಾರ, ಪಾಂಡವಪುರದ ಕುಂತಿಬೆಟ್ಟ ಹತ್ತುತ್ತಿದ್ದೆವು. ಬೆಳಗಿನ ಹಾಲಿನ ಗಾಡಿ ಹೊರಟ ಮೇಲೆ ಅವನ ಬೈಕಿನಲ್ಲಿ ಹೊರಡುವುದು, ಸಂಜೆ ಐದರ ಹಾಲಿಗೆ ಊರು ಮುಟ್ಟುವುದು. ಬೆಟ್ಟದ ಮೇಲೆ ನಿಂತು ತೊಣ್ಣೂರು ಕೆರೆ ಕಾಣುತ್ತದೆ ಎಂದು ಬೆರಳು ತೋರಿಸುತ್ತಿದ್ದ. ನನಗೆ ಒಂದು ವರ್ಷವೂ ಕಂಡಿಲ್ಲ.

ಈಗ ಹೇಳಬೇಕಾದ ವರ್ಷದಲ್ಲಿ ನಮಗಿಬ್ಬರಿಗೂ ನಲವತ್ತೆಂಟು. ಮಳೆ ನಿಂತು ವಾರವಾಗಿತ್ತು. ಕೆಳಗೆ ಹುಚ್ಚೆಳ್ಳಿನ ಹೊಲ ಹಳದಿಯಾಗಿತ್ತು, ರಾಗಿ ತೆನೆ ಕಟ್ಟಿತ್ತು, ಗಾಳಿ ತಣ್ಣಗೆ ಬೀಸುತ್ತಿತ್ತು. ಗಾಳಿಯ ವಿಷಯ ಮುಂದೆ ಬೇಕಾಗುವುದರಿಂದ ಹೇಳುತ್ತಿದ್ದೇನೆ. ಬ್ಯಾಗು ಅವನ ಬೆನ್ನಿಗಿತ್ತು. ಅರ್ಧಕ್ಕಿಂತ ತುಸು ಮೇಲೆ, ಬಂಡೆಯ ಸಂದು ದಾಟಿದ ಮೇಲೆ, ನನ್ನ ಎದೆಯ ನಡುವೆ ಏನೋ ಅಮುಕಿದಂತಾಯಿತು. ಕೂತೆ. ಹಿಂದಿನ ದಿನದ ಒಬ್ಬಟ್ಟು ಬೆಳಿಗ್ಗೆಯೂ ತಿಂದಿದ್ದೆ. ನಮ್ಮ ಕಡೆ ಎದೆ ಹಿಡಿದರೆ ಎಲ್ಲರೂ ಮೊದಲು ಹೇಳುವುದನ್ನೇ ನಾನೂ ಹೇಳಿದೆ.

"ಗ್ಯಾಸು ಕಣ್ಲಾ. ಒಸಿ ಕುಂತ್ರೆ ಓಯ್ತದೆ."

"ನಾ ಕೇಳ್ಲೇ ಇಲ್ವಲ್ಲ" ಅಂದ.

ನನ್ನ ಹಣೆಗೆ, ಆಮೇಲೆ ಕುತ್ತಿಗೆಗೆ ಬೆರಳಿಟ್ಟ. ಅದೇ ಬೆರಳುಗಳನ್ನು ತನ್ನ ಕುತ್ತಿಗೆಗೂ ಇಟ್ಟು ನೋಡಿದ. ಇದನ್ನು ಎರಡು ಸಲ ಮಾಡಿದ. ನನಗೆ ಖಚಿತವಾಗಿ ನೆನಪಿದೆ.

"ಬ್ಯಾಗ್ ಒತ್ತಿರೋನು ನಾನು. ನಂಗೆ ಬೆವರಿಲ್ಲ. ಈ ಗಾಳೀಲಿ ನಿಂಗ್ಯಾಕ್ಲಾ ಬೆವ್ರು?"

ಸೋಡಾ ಕುಡಿದರೆ ಸರಿಹೋಗುತ್ತದೆ ಎಂದೆ. ಅವನು ಬ್ಯಾಗನ್ನು ಅಲ್ಲೇ ಬಿಸಾಕಿದ. ಇಳಿಯುವ ದಾರಿಯಲ್ಲಿ ಸ್ವಲ್ಪ ದೂರ ನನ್ನನ್ನು ಬೆನ್ನ ಮೇಲೆ ಹೊತ್ತ. ಜಾರುವ ಬಂಡೆಗಳ ಮೇಲೆ ತಾನು ಮುಂದೆ ಕೂತು, ನನ್ನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ಇಬ್ಬರೂ ಕುಂಡಿಯಲ್ಲೇ ಜಾರಿದೆವು. ಅವನ ಪ್ಯಾಂಟು ಹರಿಯಿತು. ಎಷ್ಟು ಹೊತ್ತು ಹಿಡಿಯಿತೋ ನಾನು ಹೇಳಲಾರೆ. ನಡುವೆ ಒಂದು ಕಡೆ ಅವನ ಜೇಬಿನಲ್ಲಿ ಬೀಗದ ಕೈ ಶಬ್ದ ಮಾಡಿತು. ಡೇರಿಯದು. ಇನ್ನೊಂದು ಯಾವತ್ತೋ ಕಳೆದುಹೋಗಿತ್ತು. ಸಂಜೆ ಹಾಲಿಗೆ ಏನು ಮಾಡುತ್ತೀಯ ಎಂದೆ.

"ನಿನ್ನ ಯಾರ್ ಕೇಳಿದ್ರ್ಲಾ? ಮುಚ್ಕಂಡು ಬಾ."

ಬೆಟ್ಟದ ಬುಡದಲ್ಲಿ ಎಳನೀರು ತುಂಬಿದ ಗೂಡ್ಸ್ ಆಟೋ ಒಂದನ್ನು ಅಡ್ಡಗಟ್ಟಿದ. ಎಳನೀರ ಮೇಲೆ ನನ್ನನ್ನು ಮಲಗಿಸಿ ಪಾಂಡವಪುರಕ್ಕೆ ತಂದ. ಅಲ್ಲಿ ಇಸಿಜಿ ತೆಗೆದ ಡಾಕ್ಟರು ಪಟ್ಟಿಯನ್ನು ನನಗೆ ತೋರಿಸಲಿಲ್ಲ, ಅವನಿಗೆ ತೋರಿಸಿದರು. ಒಂದು ಮಾತ್ರೆ ನುಂಗಿಸಿ, ತಡಮಾಡದೆ ಮೈಸೂರಿಗೆ ಅಂದರು. ಆಂಬುಲೆನ್ಸು ಬಾಬುರಾಯನಕೊಪ್ಪಲು ದಾಟುವುದನ್ನು ಕಿಟಕಿಯಲ್ಲಿ ಕಂಡೆ. ಆಮೇಲಿನದು ನೆನಪಿಲ್ಲ.

ಮೈಸೂರಿನಲ್ಲಿ, ಎದೆಯ ಕಟ್ಟಿದ್ದ ರಕ್ತನಾಳ ಬಿಡಿಸಿ ನನ್ನನ್ನು ಹೊರಗೆ ತಂದಾಗ ಅವನ ಫೋನು ಬಡಿದುಕೊಳ್ಳುತ್ತಿತ್ತು. ಊರವರು ಡೇರಿಯ ಮುಂದೆ ಹಾಲು ಹಿಡಿದು ನಿಂತಿದ್ದರು. ಬೀಗ ಒಡೆಯುತ್ತೇವೆ ಎಂದರಂತೆ. ಒಡೆದರೂ ಪರೀಕ್ಷೆ ಮಾಡುವವರಿಲ್ಲ, ಪರೀಕ್ಷೆಯಾಗದ ಹಾಲನ್ನು ಗಾಡಿಗೆ ಹಾಕಬೇಡಿ ಎಂದ. ಯಾರು, ಏನಾಯಿತು ಎಂಬುದನ್ನು ಎರಡೇ ಮಾತಿನಲ್ಲಿ ಹೇಳಿದ. ಕೊನೆಗೆ ಅಂದದ್ದು ನನ್ನ ಕಿವಿಗೆ ಬಿತ್ತು: "ಕಾಯ್ಸಿ ಎಪ್ಪಾಕ್ಬುಡಿ."

ಆ ಸಂಜೆ ಊರೆಲ್ಲ ಹೆಪ್ಪು ಹಾಕಿತು. ಮಾರನೆಯ ದಿನ ಯಾರ ಮನೆಗೆ ಹೋದರೂ ಮಜ್ಜಿಗೆ ಕೊಡುತ್ತಿದ್ದರಂತೆ, ಕುಡಿಯುವವರೇ ಇರಲಿಲ್ಲವಂತೆ. ಡೇರಿಯ ಸಭೆಯಲ್ಲಿ ಒಬ್ಬಿಬ್ಬರು ಅವನ ಮೇಲೆ ಎಗರಾಡಿದರು. ಬೀಗದ ಕೈ ಜೇಬಲ್ಲಿಟ್ಟುಕೊಂಡು ಬೆಟ್ಟಕ್ಕೆ ಹೋದದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡು ಕೂತನಂತೆ. ನನ್ನ ಹೆಸರು ಎತ್ತಲಿಲ್ಲ. ಇದನ್ನು ನನಗೆ ಹೇಳಿದವರು ಬೇರೆಯವರು. ಅವನು ಯಾವತ್ತೂ ಹೇಳಲಿಲ್ಲ.

ಮುಂದಿನ ವರ್ಷದಿಂದ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟು ಬರುತ್ತಿದ್ದ. ಅವಳಿಗೆ ಪರೀಕ್ಷೆಯನ್ನೂ ಕಲಿಸಿದ. ನಾವು ಆ ಬಂಡೆಯ ಸಂದಿನವರೆಗೆ ಮಾತ್ರ ಹತ್ತುತ್ತಿದ್ದೆವು. ಅಲ್ಲಿ ಕೂರಿಸಿ ನನ್ನ ಕುತ್ತಿಗೆಗೆ ಬೆರಳಿಡುತ್ತಿದ್ದ.

ಹೋದ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಐದು ದಿನ ನಾನು ಪಕ್ಕದಲ್ಲಿದ್ದೆ. ನನ್ನ ಕೈಯಿಂದ ಮಾಡಬಹುದಾದದ್ದು ಏನೂ ಇರಲಿಲ್ಲ. ಕೊನೆಯ ದಿನ ಅವನ ಬೆರಳುಗಳನ್ನು ನೋಡಿದೆ. ಸುಕ್ಕು ಬಿಟ್ಟು, ನನ್ನ ಬೆರಳುಗಳ ಹಾಗೆಯೇ ಆಗಿದ್ದವು.

ಅವನ ತಿಥಿಯ ದಿನ ಪಂಕ್ತಿಯಲ್ಲಿ ಕೂರಲಾಗದೆ ಡೇರಿಯ ಜಗಲಿಗೆ ಹೋಗಿ ಕೂತೆ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೈದಿದ್ದು ಒಂದೇ ಹಸುವಿನ ಒಬ್ಬ ಮುದುಕಿ ಎಂದು ಕೇಳಿದ್ದೆ. ಅವಳೇ ಒಂದು ಚೊಂಬು ತಂದು ನನ್ನ ಮುಂದಿಟ್ಟಳು. ಮಜ್ಜಿಗೆ. ಅಂದು ಹಾಳಾದ ಹಾಲಿನ ಮಾತು ನಾನೇ ಎತ್ತಿದೆ. ನನ್ನಿಂದ ನಿಮಗೆಲ್ಲ ತೊಂದರೆಯಾಯಿತು ಎಂದೆ.

"ಆಳಾಗ್ನಿಲ್ಲ ಬುಡಪ್ಪ" ಅಂದಳು. "ಒಂದೊತ್ತಿನ್ ಆಲು ನಿಂಗೆ ಅಂತ ಇತ್ತು. ಕುಡಿ."

ಕುಡಿದೆ. ಹೊತ್ತು ನೋಡಿದರೆ ಐದಕ್ಕೆ ಇನ್ನು ಸ್ವಲ್ಪವೇ ಇತ್ತು. ಪಾತ್ರೆ ಹಿಡಿದವರು ಒಬ್ಬೊಬ್ಬರಾಗಿ ಬಂದು ನಿಂತರು. ಅವನ ಹೆಂಡತಿ ಸೆರಗಿನಿಂದ ಬೀಗದ ಕೈ ಬಿಚ್ಚಿ ಬಾಗಿಲು ತೆಗೆದಳು.