ಸೊಳ್ಳೆಯ ತಲೆಗೆ ಕಟ್ಟಿದ ಬಾವು

ಎಡಗಾಲೇ ಇರಬೇಕು, ಆದರೆ ನೆನಪಿನಲ್ಲಿ ನಾನು ಅಕ್ಕನ ಬಲಕ್ಕೆ ಕೂತಿದ್ದೇನೆ, ಹಾಗಾಗಿ ತಿಕ್ಕಿದ್ದು ಅವಳ ಬಲಗಾಲನ್ನೇನೋ. ಬಾತದ್ದು ಒಂದೇ ಕಾಲು, ಅದು ಖಚಿತ. ಮೀನಖಂಡ ಸುಡುತ್ತಿತ್ತು. ಎಣ್ಣೆ ಹಚ್ಚಿ ನಾಲ್ಕು ದಿನ ತಿಕ್ಕಿದೆ. ಐದೂ ಇರಬಹುದು.

ಅಕ್ಕನ ಅತ್ತೆಯ ಮನೆಯೂ ನಮ್ಮದೂ ಶಹಾಪುರದ ಒಂದೇ ಓಣಿಯಲ್ಲಿ. ಅಲ್ಲಿ ಒಂದು ಕಾಲು ಬಾತರೆ ಯಾರೂ ಯೋಚಿಸುತ್ತಿರಲಿಲ್ಲ. ಕಾಲುವೆ ಬಂದಿತ್ತು, ಗದ್ದೆ ಬಂದಿತ್ತು, ಸೊಳ್ಳೆ ಬಂದಿತ್ತು. ಆನೆಕಾಲು ಎಂದರೆ ಮುಗಿಯಿತು. ರೊಟ್ಟಿ ಹೋಗಿ ಮೂರು ಹೊತ್ತೂ ಅನ್ನವಾದದ್ದು, ಅಕ್ಕ ಹೊಲ ಬಿಟ್ಟು ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತದ್ದು ಯಾರಿಗೂ ಕಾಣಲಿಲ್ಲ. ಓಣಿಯ ಹೆಂಗಸರ ಅಳತೆ ತೆಗೆಯುವ ಅವಳೇ, ಸೊಂಟಕ್ಕೆ ಸಾಲದೆ ತನ್ನ ಲಂಗದ ಲಾಡಿಗೆ ಎರಡು ಸಲ ತುಂಡು ಜೋಡಿಸಿದ್ದಳು. ನಾನು ನೋಡಿ ನಕ್ಕಿದ್ದೆ.

ಉಸಿರು ಸಿಗದೆ ಅಂಗಳದಲ್ಲಿ ಕುಸಿದ ಮೇಲೆ ಅವಳನ್ನು ಯಾದಗಿರಿಗೆ ಒಯ್ದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಅಕ್ಕನ ಸೊಂಟಕ್ಕೆ ಟೇಪು ಸುತ್ತಿದರು.

"ಹೊಟ್ಟಿ ಭಾಳ ಬಂದದಲ್ಲ."

ಅವ್ವನಿಗೆ ಸಿಟ್ಟು ಬಂತು. "ಆಕಿ ಎಲ್ಲಿ ದಪ್ಪ ಅದಾಳ್ರಿ? ಕೈ ನೋಡ್ರಿ, ಕಟಗಿ ಆಗ್ಯಾವ!"

"ಕೈ ಅಲ್ಲ ಯವ್ವಾ. ಹೊಟ್ಟ್ಯಾಗ ಕೊಬ್ಬು ಕುಂತ್ರ ಮೈಯೊಳಗ ಉರಿಯೂತ ಹೆಚ್ಚತದ, ರಕ್ತ ಹೆಪ್ಪುಗಟ್ಟಾಕ ದಾರಿ ಆಗ್ತದ. ಅದೊಂದೇ ಕಾರಣ ಅನ್ನಾಕ ಬರಂಗಿಲ್ಲ. ಕಾಲಾಗ ಹೆಪ್ಪುಗಟ್ಟಿದ ರಕ್ತದ ಗಡ್ಡಿ ತುಣುಕು ಎದಿಗಿ ಏರ್ಯದ. ತಿಕ್ಕಿದ್ರ ಹಂಗ ಕಿತ್ತು ಬರಬಹುದು. ಯಾರರ ಕಾಲು ತಿಕ್ಕೀರೇನು?"

"ಇಲ್ರಿ" ಎಂದದ್ದು ಅವ್ವ. ನಾನೇ ಅಂದೆನೇನೋ.

ಅಕ್ಕ ಉಳಿದಳು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಕೊಟ್ಟು, ಒಂದು ದಿನವೂ ತಪ್ಪಿಸಬಾರದು ಎಂದರು. ಆದರೆ ಸುರಪುರದಿಂದ ನೋಡಲು ಬಂದ ನೆಂಟರಿಗೆ ಅವಳು ಹೇಳಿದ್ದು, "ಆನಿಕಾಲ್ರಿ. ಕೆನಾಲ್ ಸೊಳ್ಳಿ ಕಡದದ."

ಅವರು ಎದ್ದು ಹೋದ ಮೇಲೆ ರೇಗಿದೆ. "ಸುಳ್ಳ್ಯಾಕ ಹೇಳ್ತಿ?"

"ಸೊಳ್ಳಿ ಅಂದ್ರ ಅಯ್ಯೋ ಪಾಪ ಅಂತಾರ. ಹೊಟ್ಟಿ ಅಂದ್ರ ಕಿಸಕ್ಕನ ನಗ್ತಾರ. ನೀ ನಕ್ಕಿದ್ದೇ ಸಾಕು."

"ಗುಳಗಿ ನುಂಗಾಕತ್ತೀಯಿಲ್ಲ?"

"ಸೊಳ್ಳಿ ಕಡದದ್ದಕ್ಕ ದಿನಾ ಯಾಕ ಗುಳಗಿ ಅಂತ ನಮ್ಮತ್ತಿ ಕೇಳ್ತಾಳ. ಏನಂತ ಹೇಳ್ಲಿ?"

ಸೀರೆಗಳ ಕೆಳಗಿಂದ ಗುಳಿಗೆಯ ಹಾಳೆ ಎಳೆದೆ. ಒಂದೂ ಒಡೆದಿರಲಿಲ್ಲ. ಮರುದಿನವೇ ಬೈಯುತ್ತ ಅವಳನ್ನು ಯಾದಗಿರಿಯ ಬಸ್ಸು ಹತ್ತಿಸಿದೆ. ಅವಳು ಗುಳಿಗೆ ಬಿಟ್ಟದ್ದನ್ನು ಡಾಕ್ಟರಮ್ಮನಿಗೆ ಹೇಳಿದೆ. ನಾನು ತಿಕ್ಕಿದ್ದನ್ನು ಹೇಳಲಿಲ್ಲ. ಆ ತುಣುಕು ನನ್ನ ಕೈಯಿಂದ ಕಿತ್ತುಬಂತೋ, ತಾನಾಗಿಯೇ ಬಂತೋ, ನನಗೆ ಗೊತ್ತಿಲ್ಲ.